ಬೇಸಗೆಯ ಕೋಳಿಯೂ ತೆಳುಚಿಪ್ಪಿನ ಮೊಟ್ಟೆಯೂ

ವೈಶಾಖದ ನಡುಹಗಲಿನಲ್ಲಿ ಹಿತ್ತಿಲಿನ ಹೇಂಟೆಯೊಂದನ್ನು ಐದು ನಿಮಿಷ ಸುಮ್ಮನೆ ನಿಂತು ನೋಡೋಣ. ಅದು ನೆರಳಿನಲ್ಲಿ ನೆಲ ಕೆದರಿ, ತಂಪಾದ ಒಳಮಣ್ಣಿಗೆ ಹೊಟ್ಟೆಯನ್ನೊತ್ತಿ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಕೊಕ್ಕು ತೆರೆದು ಏದುತ್ತ ಕುಳಿತಿರುವುದು. ಅದೇ ದಿನಗಳಲ್ಲಿ ಅಂಗಡಿಯಿಂದ ತಂದ ಮೊಟ್ಟೆಗಳಲ್ಲಿ ಚಿಪ್ಪು ತೆಳುವಾದವೂ ಬಿರುಕುಬಿಟ್ಟವೂ ಹೆಚ್ಚಾಗಿರುವುವು. ಈ ಎರಡು ಸಂಗತಿಗಳಿಗೂ ನಿಕಟವಾದ ಸಂಬಂಧವುಂಟು.

ಸೆಕೆಯಾದರೆ ನಾವು ಬೆವರುತ್ತೇವೆ. ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಸಾಲದುದಕ್ಕೆ ಮೈಮೇಲೆ ಗರಿಗಳ ಕಂಬಳಿ ಬೇರೆ. ಅದರ ಮೈಯ ಉಷ್ಣತೆ ಸಹಜವಾಗಿಯೇ 41ರಿಂದ 42 ಡಿಗ್ರಿ ಸೆಲ್ಸಿಯಸ್. ಸುತ್ತಣ ಗಾಳಿ 18ರಿಂದ 24 ಡಿಗ್ರಿಯಷ್ಟಿದ್ದರೆ ಜುಟ್ಟು, ಗದ್ದದ ಕೆಳಗಿನ ಜೋಲು, ಕಾಲುಗಳು, ಇವುಗಳ ಮೂಲಕ ರಕ್ತದ ಕಾವು ಸುಲಭವಾಗಿ ಹೊರಕ್ಕೆ ಹೋಗುವುದು. ಗಾಳಿ ಕಾದಂತೆಲ್ಲ ಈ ದಾರಿ ಮುಚ್ಚುತ್ತ ಬರುವುದು. ಬಳ್ಳಾರಿ, ರಾಯಚೂರುಗಳ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದುಂಟು. ಆಗ ಗಾಳಿಗೂ ಕೋಳಿಯ ಮೈಗೂ ಹೆಚ್ಚಿನ ವ್ಯತ್ಯಾಸವೇ ಉಳಿಯದು. ಉಳಿಯುವ ಉಪಾಯ ಒಂದೇ: ಶ್ವಾಸಮಾರ್ಗದ ತೇವವನ್ನು ಆವಿಯಾಗಿಸುವುದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಬಗೆಯೂ ಇದೇ ಅಲ್ಲವೇ? ನಿಮಿಷಕ್ಕೆ 30ರಷ್ಟಿದ್ದ ಉಸಿರಾಟ ಆಗ 200ಕ್ಕೂ ಏರಬಹುದು.

ಆದರೆ ಏದುವುದು ಪುಕ್ಕಟೆಯ ಕೆಲಸವಲ್ಲ. ಪ್ರತಿ ಉಸಿರಿನೊಡನೆ ರಕ್ತದಲ್ಲಿನ ಇಂಗಾಲಾಮ್ಲ ವಾಯು ಹೊರಬೀಳುವುದು; ರಕ್ತದ ಕ್ಷಾರಗುಣ ಹೆಚ್ಚುವುದು. ಮೊಟ್ಟೆಯ ಚಿಪ್ಪಾದರೋ ನೂರಕ್ಕೆ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟು, ಎಂದರೆ ಸುಣ್ಣಕಲ್ಲಿನ ದ್ರವ್ಯವೇ. ಅದರ ಕ್ಯಾಲ್ಸಿಯಂ ಮೇವಿನಿಂದಲೂ ಎಲುಬಿನಿಂದಲೂ ಬರುವುದು. ಕಾರ್ಬೊನೇಟು ದೊರೆಯುವುದು ಇದೇ ಇಂಗಾಲಾಮ್ಲದಿಂದ! ನಾವು ಕಶ್ಮಲವೆಂದು ಭಾವಿಸುವ ವಾಯು ಹೇಂಟೆಯ ಒಡಲಿನಲ್ಲಿ ಚಿಪ್ಪಿನ ಸಾಮಗ್ರಿಯಾಗಿರುವುದು. ಏದಿ ಏದಿ ಅದನ್ನು ಹೊರಗಟ್ಟಿದ ಹೇಂಟೆ ತೆಳುಚಿಪ್ಪಿನ ಮೊಟ್ಟೆಯನ್ನಲ್ಲದೆ ಬೇರೇನನ್ನು ಇಟ್ಟೀತು? ಸೆಕೆಗೆ ಮೇವೂ ಸೇರದೆ ಕ್ಯಾಲ್ಸಿಯಮ್ಮಿಗೂ ಕೊರತೆಯಾಗುವುದು.

ಇದನ್ನು ಸೊಗಸಾಗಿ ತೋರಿಸಿಕೊಟ್ಟ ಪ್ರಯೋಗವೊಂದುಂಟು. 1980ರ ದಶಕದಲ್ಲಿ ಅಮೆರಿಕದ ಓಡಮ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಸೆಕೆಯಲ್ಲಿಟ್ಟ ಲೆಗ್‌ಹಾರ್ನ್ ಹೇಂಟೆಗಳಿಗೆ ಸೋಡಾ ನೀರನ್ನು ಕುಡಿಸಿದರು. ಉಸಿರಿನಲ್ಲಿ ಕಳೆದುಕೊಂಡ ವಾಯು ಹೊಟ್ಟೆಯ ಮೂಲಕ ಮರಳಿ ದೊರೆಯಿತು. ಚಿಪ್ಪಿನ ಗುಣವೂ ಸುಧಾರಿಸಿತು. ಸಾವಿರಾರು ಕೋಳಿಗಳಿಗೆ ಗೋಲಿಸೋಡಾ ಒಡೆಯುತ್ತ ಕೂರುವುದು ಯಾವ ಸಾಕಣೆಗಾರನಿಗೂ ಆಗದ ಮಾತು. ಆದರೆ ಕಾರಣವೇನೆಂಬುದು ಈ ಪ್ರಯೋಗದಿಂದ ಸ್ಪಷ್ಟವಾಯಿತು.

ಹಾನಿ ಚಿಪ್ಪಿಗೆ ಮಾತ್ರವೇ ಅಲ್ಲ. ಕಾವನ್ನು ಹೊರಹಾಕಲೆಂದು ರಕ್ತ ಚರ್ಮದ ಕಡೆಗೆ ಧಾವಿಸಿದಾಗ ಕರುಳಿಗೆ ರಕ್ತ ಕಡಮೆಯಾಗುವುದು. ಕರುಳಿನ ಒಳಪೊರೆ ಶಿಥಿಲವಾಗಿ, ಅಲ್ಲಿಯೇ ಇರಬೇಕಾದ ಸೂಕ್ಷ್ಮಜೀವಿಗಳು ಒಡಲಿನೊಳಕ್ಕೆ ನುಸುಳಬಹುದು. ರೋಗನಿರೋಧಕ ಶಕ್ತಿಯೂ ಕುಂದುವುದು.

ಗಾಳಿಯಲ್ಲಿ ತೇವ ತುಂಬಿದ್ದರೆ ಕಷ್ಟ ಇಮ್ಮಡಿ, ಏಕೆಂದರೆ ಆಗ ಆವಿಯಾಗುವಿಕೆಯೇ ನಿಧಾನ. ಬಳ್ಳಾರಿಯ ಒಣ ಬಿಸಿಲಿಗಿಂತ ಕಡಮೆ ಉಷ್ಣತೆಯಲ್ಲಿಯೇ ಮಂಗಳೂರಿನ ಕೋಳಿ ಬಳಲುವುದು ಇದರಿಂದಲೇ. ತೇವದ ಸೆಕೆ ಎಷ್ಟು ಘೋರವೆಂಬುದನ್ನು ಅಮೆರಿಕದ ಅಯೋವ ಸಂಸ್ಥಾನ 1995ರ ಜುಲೈಯಲ್ಲಿ ಕಂಡಿತು. ಕೆಲವೇ ದಿನಗಳಲ್ಲಿ ಅಲ್ಲಿ ಸುಮಾರು 18 ಲಕ್ಷ ಮೊಟ್ಟೆಕೋಳಿಗಳು ಸತ್ತುಹೋದುವು.

ಭಾರತದ ಸರಾಸರಿ ಉಷ್ಣತೆ 1901ರಿಂದ 2018ರ ವರೆಗೆ ಸುಮಾರು 0.7 ಡಿಗ್ರಿಯಷ್ಟು ಏರಿದೆ. ಇಷ್ಟೇನೇ ಎಂದು ಕೆಲವರು ನಗಬಹುದು. ಸರಾಸರಿ ಸ್ವಲ್ಪ ಸರಿದರೂ ಅತಿಯಾದ ಸೆಕೆಯ ದಿನಗಳು ಬಹಳವಾಗಿ ಹೆಚ್ಚುವುವೆಂಬುದನ್ನು ನಾವು ಮರೆಯಬಾರದು. ಇದಲ್ಲದೆ, ಕೋಳಿ ಕೆಲವು ದಿನಗಳಲ್ಲಿ ಮೆಲ್ಲಮೆಲ್ಲನೆ ಸೆಕೆಗೆ ಹೊಂದಿಕೊಳ್ಳಬಲ್ಲುದು, ಅದಕ್ಕೆ ಅವಕಾಶವಿರಬೇಕು. 2022ರ ಮಾರ್ಚ್ ತಿಂಗಳು ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಬಿಸಿಯಾದ ಮಾರ್ಚ್ ಆಗಿದ್ದಿತು. ಹಾಗೆ ಸೆಕೆ ಮುಂಚಿತವಾಗಿ ಮೇಲೆಬಿದ್ದರೆ ಹೊಂದಿಕೊಳ್ಳಲು ವೇಳೆಯೆಲ್ಲಿ?

ನಮ್ಮ ದೃಷ್ಟಿಯಲ್ಲಿ ಹೆಚ್ಚು ಚಿಂತಿಸಬೇಕಾದುದು ರಾತ್ರಿಯ ವಿಷಯ. ಮೊಟ್ಟೆಯೊಂದು ಸಿದ್ಧವಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ವಿನಿಯೋಗ. ಚಿಪ್ಪಿನ ಬಹುಭಾಗ ಕಟ್ಟುವುದು ರಾತ್ರಿಯಲ್ಲಿ. ಹಗಲಿನ ಬಳಲಿಕೆಯಿಂದ ಕೋಳಿ ಚೇತರಿಸಿಕೊಳ್ಳುವ ಹೊತ್ತೂ ಅದೇ. ರಾತ್ರಿಯೂ ತಂಪಾಗದಿದ್ದರೆ ಎರಡೂ ಕೆಡುವುವು.

ಕಷ್ಟದಲ್ಲಿ ಮನುಷ್ಯನ ಪಾಲೂ ಇಲ್ಲದಿಲ್ಲ. ಕೆನಡಾದ ಆಲ್ಬರ್ಟಾದಲ್ಲಿ 1957ರ ಮಾಂಸದ ಕೋಳಿಯ ತಳಿಯನ್ನೂ 2005ರ ತಳಿಯನ್ನೂ ಒಂದೇ ಬಗೆಯ ಮೇವಿನಲ್ಲಿ ಬೆಳೆಸಿ ನೋಡಿದರು. 56 ದಿನಗಳಲ್ಲಿ ಮೊದಲನೆಯದು 905 ಗ್ರಾಂ ತೂಗಿತು, ಎರಡನೆಯದು 4,202 ಗ್ರಾಂ! ಇಷ್ಟು ವೇಗದ ಬೆಳವಣಿಗೆಯಿಂದ ಹುಟ್ಟುವ ಕಾವನ್ನೂ ಕೋಳಿ ಆ ಕೊಕ್ಕಿನಿಂದಲೇ ಹೊರಗಟ್ಟಬೇಕಲ್ಲವೆ? ಇದನ್ನರಿತ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾಲಯದವರು ಕತ್ತಿನಲ್ಲಿ ಗರಿಯಿಲ್ಲದ ನಾಡಕೋಳಿಯ ಗುಣವನ್ನು ಬೆರಸಿ 'ಹಿಟ್‌ಕಾರಿ' ಎಂಬ ತಳಿಯನ್ನು ಪಡೆದರು. ಬೋಳುಕತ್ತು ನೋಟಕ್ಕೆ ಅಂದವಲ್ಲ, ನಿಜ. ಕಾವು ಹೋಗುವುದಕ್ಕೆ ಮಾತ್ರ ಒಳ್ಳೆಯ ದಾರಿ.

ಸಾಕುವವರು ಕೂಡಲೆ ಮಾಡಬಹುದಾದುದೂ ಉಂಟು. ಛಾವಣಿಗೆ ಸುಣ್ಣ ಬಳಿದು ತೆಂಗಿನ ಗರಿ ಹೊದಿಸುವುದು, ಕುಡಿಯುವ ನೀರನ್ನು ತಂಪಾಗಿಡುವುದು, ಇವು ಎಲ್ಲರೂ ಬಲ್ಲ ಮಾತುಗಳು. ಮೇವಿನ ಹೊತ್ತನ್ನು ಗಮನಿಸುವವರು ಕಡಮೆ. ಜೀರ್ಣಿಸುವಾಗ ಮೈಯಲ್ಲಿ ಕಾವು ಹುಟ್ಟುವುದರಿಂದ ಬಿಸಿಲೇರುವ ಮುನ್ನವೇ ಮೇವನ್ನು ತೆಗೆದು, ಇಳಿಹೊತ್ತಿನಲ್ಲಿ ಮತ್ತೆ ಇಡುವುದು ಲೇಸು. ಕಪ್ಪೆಚಿಪ್ಪಿನ ಚೂರನ್ನೋ ಸುಣ್ಣಕಲ್ಲಿನ ನುಚ್ಚನ್ನೋ ಸಂಜೆಯ ಮೇವಿಗೆ ಬೆರಸಿದರೆ, ರಾತ್ರಿ ಚಿಪ್ಪು ಕಟ್ಟುವ ಹೊತ್ತಿಗೆ ಕ್ಯಾಲ್ಸಿಯಂ ಒದಗುವುದು.