ರ‍್ಯಾಪಿಡ್ ಚೆಸ್‌ನಲ್ಲಿ ಮಕ್ಕಳು ಮುಂದೆ ಬರುವುದು ಹೇಗೆ? ನಿಹಾಲ್ ಸರೀನ್ ಆಟದಿಂದ ಕಲಿಯಬಹುದಾದದ್ದು



ನಮ್ಮ ಸಮಾಜದ ಮನೆಗಳಲ್ಲಿ ಈಗ ಮಣೆ ಹರಡಿಕೊಂಡು ಚೆಸ್ ಆಡುವವರಿಗಿಂತ ಮೊಬೈಲ್‌ನಲ್ಲಿ ಆಡುವ ಮಕ್ಕಳೇ ಹೆಚ್ಚು. ಶಾಲೆ ಬಿಟ್ಟು ಬಂದು ಹತ್ತು ಆಟ, ಮಲಗುವ ಮುಂಚೆ ಐದು ಆಟ. ಆರು ತಿಂಗಳು ಕಳೆದರೂ ರೇಟಿಂಗ್ ಇದ್ದಲ್ಲೇ ಇರುತ್ತದೆ. ಆಗ ತಂದೆ-ತಾಯಿಗೆ ಒಂದೇ ಪ್ರಶ್ನೆ: ಮೊಬೈಲ್ ಕಿತ್ತುಕೊಳ್ಳಬೇಕೇ, ಬೇಡವೇ? ಮಹಾವೀರ ಜಯಂತಿ, ದಶಲಕ್ಷಣ ಪರ್ವದ ಸಮಯದಲ್ಲಿ ನಡೆಸುವ ಸ್ಪರ್ಧೆಗಳಲ್ಲಿ ಮಕ್ಕಳ ಗಡಿಯಾರ ನೋಡಿಕೊಳ್ಳುವ ಕೆಲಸ ಮಾಡುತ್ತಾ ಬಂದಿರುವ ನನಗೆ ಅನ್ನಿಸುವುದು ಇಷ್ಟು. ಮೊಬೈಲ್ ಕಿತ್ತುಕೊಳ್ಳುವುದರಿಂದ ಆಟ ಸುಧಾರಿಸುವುದಿಲ್ಲ, ಇನ್ನೂ ಹೆಚ್ಚು ಆಡುವುದರಿಂದಲೂ ಸುಧಾರಿಸುವುದಿಲ್ಲ. ಆಟದ ಸಂಖ್ಯೆ ಕಡಿಮೆ ಮಾಡಬೇಕು, ಪ್ರತಿ ಆಟಕ್ಕೆ ಕೊಡುವ ಸಮಯ ಹೆಚ್ಚು ಮಾಡಬೇಕು, ಸೋತ ಆಟವನ್ನು ಮತ್ತೆ ತೆಗೆದು ನೋಡಬೇಕು.

ಮೊದಲು ರ‍್ಯಾಪಿಡ್ ಎಂದರೇನು ಎಂಬುದು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ನಿಯಮದ ಪ್ರಕಾರ ಒಬ್ಬ ಆಟಗಾರನಿಗೆ 10 ನಿಮಿಷಕ್ಕಿಂತ ಹೆಚ್ಚು, 60 ನಿಮಿಷಕ್ಕಿಂತ ಕಡಿಮೆ ಸಮಯ ಸಿಕ್ಕರೆ ಅದು ರ‍್ಯಾಪಿಡ್. 10 ನಿಮಿಷ ಅಥವಾ ಅದಕ್ಕಿಂತ ಕಡಿಮೆಯಾದರೆ ಬ್ಲಿಟ್ಜ್. ಮೊಬೈಲ್‌ನಲ್ಲಿ ನಮ್ಮ ಮಕ್ಕಳು 'ರ‍್ಯಾಪಿಡ್' ಎಂದು ಆಡುವ 10 ನಿಮಿಷದ ಆಟ ಫಿಡೆ ಲೆಕ್ಕದಲ್ಲಿ ಬ್ಲಿಟ್ಜ್. ವಿಶ್ವ ರ‍್ಯಾಪಿಡ್ ಚಾಂಪಿಯನ್‌ಷಿಪ್‌ನಲ್ಲಿ ಒಬ್ಬೊಬ್ಬರಿಗೆ 15 ನಿಮಿಷ, ಜೊತೆಗೆ ಪ್ರತಿ ನಡೆಗೆ 10 ಸೆಕೆಂಡ್ ಸೇರುತ್ತದೆ. 2017ರಲ್ಲಿ ವಿಶ್ವನಾಥನ್ ಆನಂದ್, 2019 ಮತ್ತು 2024ರಲ್ಲಿ ಕೊನೇರು ಹಂಪಿ ಗೆದ್ದದ್ದು ಇದೇ ಬಗೆಯ ಆಟದಲ್ಲಿ. ಈ ಲೆಕ್ಕದಲ್ಲಿ 60 ನಡೆಯ ಒಂದು ಆಟ ಎರಡೂ ಕಡೆ ಸೇರಿ ಹೆಚ್ಚೆಂದರೆ 50 ನಿಮಿಷ. ಒಂದು ಸಾಮಾಯಿಕದ ಅವಧಿ 48 ನಿಮಿಷ. ಅಷ್ಟು ಹೊತ್ತು ಒಂದೇ ಕಡೆ ಮನಸ್ಸು ನಿಲ್ಲಿಸಿ ಕೂರುವುದು ನಮ್ಮ ಮನೆಗಳಿಗೆ ಹೊಸದೇನಲ್ಲ, ಹಿರಿಯರು ಮಾಡುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ.

ಆನ್‌ಲೈನ್‌ನಲ್ಲಿ ವೇಗವಾಗಿ ಆಡುವವರಲ್ಲಿ ನಮ್ಮ ದೇಶದ ಮಕ್ಕಳು ನೋಡಿ ಕಲಿಯಬೇಕಾದ ಹೆಸರು ನಿಹಾಲ್ ಸರೀನ್. ಕೇರಳದ ತ್ರಿಶೂರಿನವರು, ಹುಟ್ಟಿದ್ದು 2004ರಲ್ಲಿ. ಬೇಸಿಗೆ ರಜೆಯಲ್ಲಿ ಹುಡುಗನಿಗೆ ಬೇಜಾರಾಗದಿರಲಿ ಎಂದು ಮನೆಯಲ್ಲಿ ಚೆಸ್ ಮಣೆ ಕೊಟ್ಟರು, ನಿಯಮ ಹೇಳಿಕೊಟ್ಟವರು ಅಜ್ಜ. (ಅಜ್ಜಂದಿರು ಇದನ್ನು ಗಮನಿಸಬೇಕು.) 2018ರಲ್ಲಿ, 14ನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದರು. 2020 ಮತ್ತು 2021ರಲ್ಲಿ ಆನ್‌ಲೈನ್‌ನ ಜೂನಿಯರ್ ಸ್ಪೀಡ್ ಚೆಸ್ ಚಾಂಪಿಯನ್‌ಷಿಪ್ ಗೆದ್ದರು. 2022ರ ಚೆನ್ನೈ ಒಲಿಂಪಿಯಾಡ್‌ನಲ್ಲಿ ಭಾರತದ ಎರಡನೇ ತಂಡದ ಎರಡನೇ ಬೋರ್ಡ್‌ನಲ್ಲಿ ಆಡಿ ವೈಯಕ್ತಿಕ ಚಿನ್ನ ಪಡೆದರು. ಅದೇ ವರ್ಷ ಕೋಲ್ಕತ್ತದ ಟಾಟಾ ಸ್ಟೀಲ್ ಪಂದ್ಯಾವಳಿಯ ರ‍್ಯಾಪಿಡ್ ವಿಭಾಗದಲ್ಲಿ, ಅಮೆರಿಕದ ಹಿಕಾರು ನಕಮುರ ಕೂಡ ಇದ್ದ ಕಣದಲ್ಲಿ, ಮೊದಲ ಸ್ಥಾನ ನಿಹಾಲ್ ಅವರದೇ.

ಅವರ ಆಟ ನೋಡಿದವರು ಮೊದಲು ಹೇಳುವುದು ವೇಗದ ಬಗ್ಗೆ. ಎದುರಾಳಿ ಯೋಚಿಸುತ್ತಾ ಕುಳಿತಿರುವಾಗ ಇವರ ಗಡಿಯಾರದಲ್ಲಿ ಸಮಯ ಧಾರಾಳವಾಗಿ ಉಳಿದಿರುತ್ತದೆ. ನಮ್ಮ ಮಕ್ಕಳು ಈ ವೇಗವನ್ನಷ್ಟೇ ಅನುಕರಿಸಲು ಹೋಗುತ್ತಾರೆ. ಅಲ್ಲೇ ಎಡವಟ್ಟಾಗುವುದು. ನಿಹಾಲ್ ಬೇಗ ಆಡುವುದು ಯೋಚನೆ ಬಿಟ್ಟು ಅಲ್ಲ. ಆ ಸ್ಥಾನವನ್ನು ಮೊದಲೇ ಎಷ್ಟೋ ಬಾರಿ ಕಂಡಿದ್ದಾರೆ, ಎರಡು ಒಳ್ಳೆಯ ನಡೆಗಳ ನಡುವೆ ತೂಗಾಡುತ್ತಾ ಕೂರುವುದಿಲ್ಲ, ಅಷ್ಟೆ. ಕಿರಾಣಿ ಅಂಗಡಿಯಲ್ಲಿ ಹಳಬನಾದ ಕೆಲಸಗಾರ ಇಪ್ಪತ್ತು ಸಾಮಾನಿನ ಚೀಟಿಯನ್ನು ಬಾಯಲ್ಲೇ ಕೂಡಿ ಮೊತ್ತ ಹೇಳುತ್ತಾನೆ. ಮೊದಲ ತಿಂಗಳು ಅವನೂ ಕಾಗದದಲ್ಲಿ ಬರೆದು ಕೂಡಿದವನೇ. ಹೊಸದಾಗಿ ಸೇರಿದ ಹುಡುಗ ಮೊದಲ ದಿನವೇ ಬಾಯಲ್ಲಿ ಕೂಡಲು ಹೋದರೆ ನಷ್ಟ ಅಂಗಡಿಗೆ.

ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ನಿಹಾಲ್ ಎಂಡ್‌ಗೇಮ್‌ನಲ್ಲಿ ಗಟ್ಟಿ. ಕಾಯಿಗಳು ಕಡಿಮೆಯಾಗಿ, ನೋಡುವವರಿಗೆ 'ಇನ್ನೇನು ಡ್ರಾ' ಅನ್ನಿಸುವ ಸ್ಥಿತಿಯಲ್ಲೂ ಸಣ್ಣ ಅನುಕೂಲ ಹಿಡಿದುಕೊಂಡು ಒತ್ತುತ್ತಾ ಹೋಗುತ್ತಾರೆ. ಎದುರಾಳಿಗೆ ಸಮಯ ಕಡಿಮೆ, ಇವರಿಗೆ ದಾರಿ ಗೊತ್ತು. ಅಲ್ಲಿ ಗೆಲುವು ಬರುತ್ತದೆ.

ಈಗ ಸಮಯದ ಲೆಕ್ಕಕ್ಕೆ ಬರೋಣ, ವ್ಯಾಪಾರಸ್ಥರ ಸಮಾಜಕ್ಕೆ ಇದು ಬೇಗ ಅರ್ಥವಾಗುತ್ತದೆ. 15 ನಿಮಿಷ ಮತ್ತು ನಡೆಗೆ 10 ಸೆಕೆಂಡ್ ಎಂದು ಇಟ್ಟುಕೊಳ್ಳಿ. 15 ನಿಮಿಷ ಬಂಡವಾಳ, 10 ಸೆಕೆಂಡ್ ದಿನದ ಆದಾಯ. ಮೊದಲ 10 ನಡೆಗಳನ್ನು ತಲಾ 10 ಸೆಕೆಂಡಿನಲ್ಲಿ ಆಡಿದರೆ ಗಡಿಯಾರ ಇನ್ನೂ 15 ನಿಮಿಷ ತೋರಿಸುತ್ತದೆ, ಬಂಡವಾಳ ಮುಟ್ಟಿಲ್ಲ. 11ರಿಂದ 30ನೇ ನಡೆಯವರೆಗೆ ಆ 15 ನಿಮಿಷದ ಜೊತೆಗೆ 200 ಸೆಕೆಂಡ್ ಸೇರಿ 18 ನಿಮಿಷ 20 ಸೆಕೆಂಡ್ ಕೈಯಲ್ಲಿರುತ್ತದೆ. ಅದರಲ್ಲಿ 14 ನಿಮಿಷ ಖರ್ಚು ಮಾಡಿ, 4 ನಿಮಿಷ ಕೊನೆಗೆ ಉಳಿಸಿಕೊಳ್ಳಬೇಕು. ಆ 14 ನಿಮಿಷವನ್ನು ಎಲ್ಲ ನಡೆಗೂ ಸಮವಾಗಿ ಹಂಚುವುದು ಬೇಡ. ಒಂದು ಆಟದಲ್ಲಿ ನಿಜವಾಗಿ ಕಷ್ಟದ ನಡೆ ಮೂರೋ ನಾಲ್ಕೋ ಇರುತ್ತವೆ: ರಾಣಿ ಬದಲಾಯಿಸಿಕೊಳ್ಳಲೇ, ಕಾಯಿ ಬಲಿಕೊಟ್ಟು ರಾಜನ ಮೇಲೆ ಹೋಗಲೇ, ನಡುವಿನ ಪದಾತಿ ಮುಂದೂಡಲೇ ಎಂಬಂಥವು. ಅಂಥ ನಡೆಗೆ ಎರಡೆರಡು ನಿಮಿಷ ಕೊಟ್ಟರೆ 8 ನಿಮಿಷ. ಉಳಿದ 16 ನಡೆಗೆ 6 ನಿಮಿಷ, ಅಂದರೆ ತಲಾ ಇಪ್ಪತ್ತು ಸೆಕೆಂಡಿನ ಮೇಲೆ.

ನಾನು ಮೇಜಿನ ಪಕ್ಕ ನಿಂತು ನೋಡುವುದು ಇದರ ತಿರುವುಮುರುವು. ಕೆಲವು ಮಕ್ಕಳು ಮೊದಲ 10 ನಡೆಗೇ 6 ನಿಮಿಷ ಕಳೆದಿರುತ್ತಾರೆ. ಇನ್ನು ಕೆಲವರು ಆಟ ಸೋತು ಏಳುವಾಗ ಅವರ ಗಡಿಯಾರದಲ್ಲಿ 12 ನಿಮಿಷ ಹಾಗೇ ಇರುತ್ತದೆ. ಎರಡನೆಯವರನ್ನು ನೋಡಿದರೆ ಹೆಚ್ಚು ಸಂಕಟ. ತಿಜೋರಿಯಲ್ಲಿ ಹಣ ಇಟ್ಟುಕೊಂಡು ಉಪವಾಸ ಬಿದ್ದಂತೆ. ಉಪವಾಸ ಪುಣ್ಯಕ್ಕೆ ಸರಿ, ಚೆಸ್‌ಗೆ ಅಲ್ಲ.

ನಡೆ ಆಡುವ ಮುಂಚೆ ಮೂರು ವಿಷಯ ನೋಡಿಕೊಳ್ಳುವ ಅಭ್ಯಾಸವಾದರೆ ಅರ್ಧದಷ್ಟು ಸೋಲು ತಪ್ಪುತ್ತದೆ ಎಂಬುದು ನನ್ನ ನಂಬಿಕೆ. ನಾನು ಇದನ್ನು ಆಡಿದ ಮೇಲೆ ಎದುರಾಳಿ ಚೆಕ್ ಕೊಡಬಲ್ಲನೇ? ಯಾವುದಾದರೂ ಕಾಯಿ ಹೊಡೆಯಬಲ್ಲನೇ? ಏನಾದರೂ ಬೆದರಿಕೆ ಹಾಕಬಲ್ಲನೇ? ಇದಕ್ಕೆ ಬೇಕಾಗುವುದು ಐದಾರು ಸೆಕೆಂಡ್. ಎದುರಾಳಿಯ ಸರದಿಯಲ್ಲೇ ನಮ್ಮ ನಡೆ ಒತ್ತಿಡುವ 'ಪ್ರೀಮೂವ್' ಸೌಲಭ್ಯವನ್ನು ರ‍್ಯಾಪಿಡ್‌ನಲ್ಲಿ ಮುಟ್ಟದಿರುವುದೇ ಲೇಸು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಬಹುದು.

ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳನ್ನು ಪಾಠಶಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇವುಗಳಲ್ಲಿ ಲೋಭಕ್ಕೆ ಒಂದು ಉದಾಹರಣೆ ಮಣೆಯ ಮೇಲೆಯೇ ಇದೆ, ಕಾಯಿ ಇಟ್ಟುಕೊಂಡು ನೋಡಿ. ಬಿಳಿಯವನು ರಾಜನ ಮುಂದಿನ ಪದಾತಿಯನ್ನು ಇ4ಕ್ಕೆ, ಕಪ್ಪಿನವನು ಇ5ಕ್ಕೆ. ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಸಿ6. ಬಿಳಿ ಒಂಟೆ ಸಿ4. ಇಲ್ಲಿಯವರೆಗೆ ಎಲ್ಲರೂ ಆಡುವ ಇಟಾಲಿಯನ್ ಆರಂಭ. ಈಗ ಕಪ್ಪಿನವನು ಕುದುರೆಯನ್ನು ಡಿ4ಕ್ಕೆ ಹಾರಿಸುತ್ತಾನೆ. ಇ5ರ ಪದಾತಿಗೆ ಕಾವಲಿಲ್ಲ, ಪುಕ್ಕಟೆ ಬಿದ್ದಂತೆ ಕಾಣುತ್ತದೆ. ಬಿಳಿ ಕುದುರೆ ಅದನ್ನು ಹೊಡೆದರೆ ಕಪ್ಪು ರಾಣಿ ಜಿ5ಕ್ಕೆ ಬರುತ್ತದೆ. ಬಿಳಿಯವನಿಗೆ ಇನ್ನೂ ಆಸೆ, ಕುದುರೆಯಿಂದ ಎಫ್7 ಹೊಡೆದು ರಾಣಿ-ಆನೆ ಎರಡಕ್ಕೂ ಕೈ ಹಾಕುತ್ತಾನೆ. ಕಪ್ಪು ರಾಣಿ ಜಿ2ರ ಪದಾತಿ ಹೊಡೆಯುತ್ತದೆ, ಬಿಳಿ ಆನೆ ಎಫ್1ಕ್ಕೆ ಸರಿಯುತ್ತದೆ, ರಾಣಿ ಇ4 ಹೊಡೆದು ಚೆಕ್, ಬಿಳಿ ಒಂಟೆ ಇ2ಕ್ಕೆ ಅಡ್ಡ ಬರುತ್ತದೆ, ಕಪ್ಪು ಕುದುರೆ ಎಫ್3ಕ್ಕೆ ಹಾರಿ ಚೆಕ್‌ಮೇಟ್. ಏಳೇ ನಡೆ. ನಾಲ್ಕನೇ ನಡೆಯಲ್ಲಿ ಪದಾತಿಯ ಆಸೆ ಬಿಟ್ಟು ಕುದುರೆಯಿಂದ ಡಿ4ರ ಕುದುರೆಯನ್ನೇ ಹೊಡೆದಿದ್ದರೆ ಬಿಳಿಯವನದೇ ಮೇಲುಗೈ. ಆನ್‌ಲೈನ್‌ನಲ್ಲಿ ಈ ಬಲೆ ಹಾಕುವವರು ಬಹಳ. ಬೀಳುವವರೆಲ್ಲ ಎರಡು ಸೆಕೆಂಡಿನಲ್ಲಿ ಪದಾತಿ ಹೊಡೆದವರು.

ಆರಂಭದ ನಡೆಗಳ ಬಗ್ಗೆ ಇಷ್ಟು ಸಾಕು. ಬಿಳಿಗೆ ಒಂದು, ಕಪ್ಪಿಗೆ ಎರಡು ಪದ್ಧತಿ ಕಲಿತು ಅದನ್ನೇ ಆಡುತ್ತಿರಲಿ. ವಾರಕ್ಕೊಂದು ವಿಡಿಯೊ ನೋಡಿ ವಾರಕ್ಕೊಂದು ಓಪನಿಂಗ್ ಬದಲಿಸುವವರು ಯಾವುದನ್ನೂ ಕಲಿಯುವುದಿಲ್ಲ.

ಎಂಡ್‌ಗೇಮ್‌ಗೆ ಮಾತ್ರ ಸಮಯ ಕೊಡಲೇಬೇಕು. ಒಂದು ಆನೆ ಮತ್ತು ರಾಜನಿಂದ ಮೇಟ್ ಕೊಡುವುದು ಮೊದಲು ಬರಬೇಕು. ರಾಣಿ ಮಾಡಿಕೊಂಡ ಮೇಲೂ ಸ್ಟೇಲ್‌ಮೇಟ್ ಮಾಡಿ ಕೈಗೆ ಬಂದ ಗೆಲುವನ್ನು ಡ್ರಾ ಮಾಡಿಕೊಳ್ಳುವ ಮಕ್ಕಳು ಪ್ರತಿ ಸ್ಪರ್ಧೆಯಲ್ಲೂ ಇರುತ್ತಾರೆ. ಆಮೇಲೆ ರಾಜ-ಪದಾತಿ ಆಟ: ನಮ್ಮ ಪದಾತಿ 5ನೇ ಸಾಲಿನಲ್ಲಿದ್ದು ನಮ್ಮ ರಾಜ ಅದರ ಮುಂದೆ 6ನೇ ಸಾಲಿನಲ್ಲಿ ನಿಂತರೆ, ಅದು ಅಂಚಿನ ಪದಾತಿಯಲ್ಲದಿದ್ದರೆ, ಯಾರ ಸರದಿಯಾದರೂ ಗೆಲುವು ನಮ್ಮದೇ. ಅದಕ್ಕೇ ಪದಾತಿ ಓಡಿಸುವುದಲ್ಲ, ರಾಜನನ್ನು ಮುಂದೆ ತರುವುದು. ಮೂರನೆಯದು ಆನೆಗಳ ಆಟದಲ್ಲಿ ಡ್ರಾ ಉಳಿಸಿಕೊಳ್ಳುವ ಫಿಲಿಡೋರ್ ವಿಧಾನ. ಎದುರಾಳಿಗೆ ಒಂದು ಪದಾತಿ ಹೆಚ್ಚು, ನಮ್ಮ ರಾಜ ಆ ಪದಾತಿಯ ದಾರಿಯಲ್ಲೇ ನಿಂತಿದ್ದಾನೆ. ನಮ್ಮ ಕಡೆಯಿಂದ ಎಣಿಸಿದ 3ನೇ ಸಾಲಿನಲ್ಲಿ ಆನೆ ನಿಲ್ಲಿಸಿ ಅಲ್ಲೇ ಆಚೀಚೆ ಆಡಿಸುತ್ತಿರಬೇಕು, ಎದುರಾಳಿ ರಾಜ ಒಳಗೆ ಬರಲಾರ. ಅವನು ಪದಾತಿಯನ್ನು ಆ ಸಾಲಿಗೆ ತಳ್ಳಿದ ಕೂಡಲೇ ಆನೆಯನ್ನು ಮಣೆಯ ಆಚೆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತಾ ಇರಬೇಕು, ಅವನ ರಾಜನಿಗೆ ಮರೆಯೇ ಸಿಗುವುದಿಲ್ಲ. ಇಷ್ಟು ಗೊತ್ತಿರುವ ಮಗು ಕೊನೆಯ ಒಂದು ನಿಮಿಷದಲ್ಲೂ ಗಾಬರಿಯಾಗುವುದಿಲ್ಲ.

ಇನ್ನು ಆಟ ಮುಗಿದ ಮೇಲಿನ ಕೆಲಸ. ದಿನದ ತಪ್ಪುಗಳನ್ನು ಸಂಜೆ ಕುಳಿತು ನೆನೆದು ನೋಡುವ ಪ್ರತಿಕ್ರಮಣದ ಅಭ್ಯಾಸ ನಮ್ಮಲ್ಲಿದೆ. ಧಾರ್ಮಿಕ ಕ್ರಿಯೆಗೆ ಆಟವನ್ನು ಹೋಲಿಸುವುದು ಕೆಲವರಿಗೆ ಹಿಡಿಸದಿರಬಹುದು, ಆದರೆ ಮಕ್ಕಳಿಗೆ ಹೀಗೆ ಹೇಳಿದರೆ ಥಟ್ಟನೆ ತಿಳಿಯುತ್ತದೆ. ಸೋತ ಆಟವನ್ನು ಮೊದಲು ಕಂಪ್ಯೂಟರ್ ಸಹಾಯವಿಲ್ಲದೆ ನೋಡಬೇಕು. ಎಲ್ಲಿ ಕೆಟ್ಟಿತು, ಆಗ ಮನಸ್ಸಿನಲ್ಲಿ ಏನಿತ್ತು, ಆ ನಡೆಗೆ ಎಷ್ಟು ಸೆಕೆಂಡ್ ಕೊಟ್ಟೆ ಎಂದು ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯಬೇಕು. ಆಮೇಲೆ ಎಂಜಿನ್ ಹಚ್ಚಿ ತಾಳೆ ನೋಡಬೇಕು. ಲಿಚೆಸ್ ಎಂಬ ತಾಣದಲ್ಲಿ ಇದೆಲ್ಲ ಉಚಿತ, ಜಾಹೀರಾತೂ ಇಲ್ಲ. ಇಪ್ಪತ್ತು ಆಟದ ಸಾಲುಗಳನ್ನು ಒಟ್ಟಿಗೆ ಓದಿದರೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಬಂದಿರುವುದು ಕಣ್ಣಿಗೆ ಹೊಡೆಯುತ್ತದೆ. ಆ ಒಂದನ್ನು ಸರಿಮಾಡಿದರೆ ರೇಟಿಂಗ್ ತಾನಾಗಿ ಏರುತ್ತದೆ.

ಸೋತ ಸಿಟ್ಟಿನಲ್ಲಿ ಕೂಡಲೇ ಇನ್ನೊಂದು ಆಟಕ್ಕೆ ಕೂರುವುದು ಕ್ರೋಧದ ಲೆಕ್ಕಕ್ಕೆ ಸೇರುತ್ತದೆ. ಸಾಲಾಗಿ ಎರಡು ಸೋತರೆ ಆ ದಿನ ಮೊಬೈಲ್ ಪಕ್ಕಕ್ಕಿಡುವುದು ಎಂದು ಮನೆಯಲ್ಲೇ ನಿಯಮ ಮಾಡಿ. ಕಿತ್ತುಕೊಳ್ಳುವುದಕ್ಕಿಂತ ಇದು ಮೇಲು, ಏಕೆಂದರೆ ನಿಯಮ ಮಗುವಿಗೂ ಮೊದಲೇ ಗೊತ್ತಿರುತ್ತದೆ.

ಮಾಯಾ ಎಂಬ ಕಷಾಯದ ವಿಷಯ ಸ್ವಲ್ಪ ಗಂಭೀರ. ಆಡುವಾಗ ಇನ್ನೊಂದು ಫೋನಿನಲ್ಲಿ ಎಂಜಿನ್ ತೆರೆದಿಟ್ಟುಕೊಂಡು ನಡೆ ನೋಡಿ ಆಡುವ ಚಟ ಕೆಲವು ಮಕ್ಕಳಿಗೆ ಅಂಟುತ್ತದೆ. ತಾಣಗಳು ನಡೆಗಳನ್ನು ಪರೀಕ್ಷಿಸಿ ಅಂಥ ಖಾತೆಗಳನ್ನು ಮುಚ್ಚುತ್ತವೆ. ಸಿಕ್ಕಿಬೀಳುವ ಭಯಕ್ಕಿಂತ ಮುಂಚೆ, ಇನ್ನೊಬ್ಬ ಮಗುವಿನ ಅರ್ಧ ಗಂಟೆ ಶ್ರಮವನ್ನು ಕದ್ದಂತೆ ಇದು, ಅಚೌರ್ಯ ಅಣುವ್ರತಕ್ಕೆ ನೇರ ವಿರುದ್ಧ ಎಂದು ಮನೆಯವರೇ ಬಿಡಿಸಿ ಹೇಳಬೇಕು. ರೇಟಿಂಗ್ ಏಕೆ ಏರಲಿಲ್ಲ ಎಂದು ದಿನಾ ಕೇಳುವ ಪೋಷಕರೂ ಮಗುವನ್ನು ಆ ದಾರಿಗೆ ತಳ್ಳುತ್ತಾರೆ. ರೇಟಿಂಗ್ ಬಿಟ್ಟು ನೋಟ್‌ಬುಕ್ ಕೇಳಿ.

ಆನ್‌ಲೈನ್ ಸ್ಪರ್ಧೆಗೆ ಕೂರುವವರಿಗೆ ಇನ್ನೊಂದು ಮಾತು. 2020ರ ಆನ್‌ಲೈನ್ ಒಲಿಂಪಿಯಾಡ್ ಫೈನಲ್‌ನಲ್ಲಿ ರಷ್ಯಾ ವಿರುದ್ಧ ಆಡುತ್ತಿದ್ದಾಗ ಇಂಟರ್‌ನೆಟ್ ಸಂಪರ್ಕ ಕಡಿದು ನಿಹಾಲ್ ಸರೀನ್ ಮತ್ತು ದಿವ್ಯಾ ದೇಶ್‌ಮುಖ್ ಸಮಯ ಮುಗಿದು ಸೋತರು. ಭಾರತ ಮೇಲ್ಮನವಿ ಸಲ್ಲಿಸಿತು, ಕೊನೆಗೆ ಫಿಡೆ ಎರಡೂ ದೇಶಗಳಿಗೆ ಜಂಟಿಯಾಗಿ ಚಿನ್ನ ಕೊಟ್ಟಿತು. ನಮ್ಮ ಜಿಲ್ಲಾ ಮಟ್ಟದ ಸ್ಪರ್ಧೆಗಳಲ್ಲಿ ಮೇಲ್ಮನವಿ ಕೇಳುವವರು ಯಾರೂ ಇರುವುದಿಲ್ಲ. ಮನೆಯ ವೈಫೈ ಜೊತೆಗೆ ಇನ್ನೊಂದು ಕಂಪನಿಯ ಸಿಮ್ ಇರುವ ಫೋನನ್ನು ಚಾರ್ಜ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ.

ಊರಿನ ಯುವಕ ಮಂಡಳಿಗಳು ಮನಸ್ಸು ಮಾಡಿದರೆ ಭಾನುವಾರ ಪಾಠಶಾಲೆ ಮುಗಿದ ಮೇಲೆ ಬಸದಿಯ ಸಭಾಂಗಣದಲ್ಲೇ ಇದನ್ನು ನಡೆಸಬಹುದು. ನಾಲ್ಕು ಮಣೆ, ನಾಲ್ಕು ಡಿಜಿಟಲ್ ಗಡಿಯಾರ ಸಾಕು. ಪ್ರತಿ ಮಗುವಿಗೆ 15 ನಿಮಿಷ ಮತ್ತು 10 ಸೆಕೆಂಡಿನ ಎರಡು ಆಟ, ಪ್ರತಿ ಆಟದ ನಂತರ ಇಬ್ಬರೂ ಸೇರಿ ಹತ್ತು ನಿಮಿಷ ಆ ಆಟವನ್ನು ಮತ್ತೆ ಮಣೆಯ ಮೇಲೆ ಜೋಡಿಸಿ ನೋಡುವುದು. ನಡೆಗಳನ್ನು ಬರೆದುಕೊಳ್ಳಲು ರೂಲ್ ಹಾಕಿದ ಹಾಳೆ ಕೊಡಿ. ಬೆಳಿಗ್ಗೆ 10ಕ್ಕೆ ಶುರು ಮಾಡಿದರೆ 12.30ರೊಳಗೆ ಮುಗಿದು ಮಕ್ಕಳು ಊಟಕ್ಕೆ ಮನೆ ಸೇರುತ್ತಾರೆ.