ನಿಮಗಿದು ಗೊತ್ತೆ? ಕೈಹಿಡಿದು ನಡೆಯುವ ಅಕ್ಷರಗಳು

ಮದುವೆಯ ಇಂಗ್ಲಿಷ್ ಆಮಂತ್ರಣಗಳಲ್ಲಿ ಬಲಕ್ಕೆ ಬಾಗಿ, ಒಂದರ ಕೈ ಇನ್ನೊಂದು ಹಿಡಿದಂತೆ ಸಾಗುವ ಅಕ್ಷರಗಳನ್ನು ನೋಡಿರುತ್ತೀರಿ. ಆ ಬಗೆಯ ಫಾಂಟ್‌ಗಳಲ್ಲಿ ಹೆಸರಾದದ್ದು ‘ಸ್ನೆಲ್ ರೌಂಡ್‌ಹ್ಯಾಂಡ್’. 17ನೇ ಶತಮಾನದ ಕೊನೆಯಲ್ಲಿ ಹಕ್ಕಿಗರಿಯ ಲೇಖನಿಯಿಂದ ಅಕ್ಷರ ತಿದ್ದಿಸುತ್ತಿದ್ದ ಇಂಗ್ಲೆಂಡಿನ ಬರವಣಿಗೆ ಮೇಷ್ಟ್ರು ಚಾರ್ಲ್ಸ್ ಸ್ನೆಲ್ ಅವರ ಕೈಬರಹವೇ ಇದಕ್ಕೆ ಮೂಲ. 1960ರ ದಶಕದಲ್ಲಿ ಲೈನೋಟೈಪ್ ಕಂಪನಿಗಾಗಿ ಅದಕ್ಕೆ ಮರುಜೀವ ಕೊಟ್ಟವರು ಅಕ್ಷರ ವಿನ್ಯಾಸಕ ಮ್ಯಾಥ್ಯೂ ಕಾರ್ಟರ್. ಕಂಪ್ಯೂಟರಿನ ವರ್ಡಾನಾ, ಜಾರ್ಜಿಯಾ ಫಾಂಟ್‌ಗಳೂ ಇವರ ಕೈಯವೇ!

ಹಿಂದೆ ಮುದ್ರಣಕ್ಕೆ ಬಳಸುತ್ತಿದ್ದ ಸೀಸದ ಅಚ್ಚುಮೊಳೆಯಲ್ಲಿ ಇಂಥ ಅಕ್ಷರ ಎರಕ ಹೊಯ್ಯುವುದು ಬಲು ಕಷ್ಟವಾಗಿತ್ತು. ಅಂಚು ದಾಟಿ ಚಾಚಿದ ತೆಳು ಬಾಲ ಪಟ್ಟನೆ ಮುರಿಯುತ್ತಿತ್ತು. ಫಿಲ್ಮಿನ ಮೇಲಿನ ಬಿಂಬದಿಂದ ಅಕ್ಷರ ಮೂಡಿಸುವ ಫೋಟೋ ಟೈಪ್‌ಸೆಟ್ಟಿಂಗ್ ಬಂದಮೇಲೆ ಆ ಭಯ ಹೋಯಿತು. ಆದರೂ ಪ್ರತಿ ಅಕ್ಷರದ ಬಾಲ ಮುಂದಿನದರ ಮೈಗೆ ಸರಿಯಾದ ಎತ್ತರದಲ್ಲೇ ತಾಗಬೇಕು. ಕೂದಲೆಳೆ ತಪ್ಪಿದರೂ ಪದ ಕಡಿದಂತೆ ಕಾಣುತ್ತದೆ. ಕಾರ್ಟರ್ ಅವರ ಕುಸುರಿ ಇರುವುದು ಆ ಬೆಸುಗೆಯಲ್ಲಿ.

ಆಮಂತ್ರಣಕ್ಕೆ ಈ ಫಾಂಟ್ ಬಳಸುವುದಾದರೆ, ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ (ಕ್ಯಾಪಿಟಲ್) ಮಾತ್ರ ಹಾಕಿಸಬೇಡಿ. ಸುರುಳಿಗೆ ಸುರುಳಿ ಸಿಕ್ಕಿಕೊಂಡು ವರನ ಹೆಸರೇ ಓದಲಾಗದು.