ವಿಚಾರ ಸಂಕಿರಣಕ್ಕೊಂದು ಜಾಲತಾಣ: ಯಾರಿಗಾಗಿ?

ಕೆಲವು ವರ್ಷಗಳ ಹಿಂದೆ ಕಾಲೇಜೊಂದರಲ್ಲಿ ಭೌತವಿಜ್ಞಾನದ ವಿಚಾರ ಸಂಕಿರಣ ನಡೆದಿತ್ತು. ಮೊದಲ ಉಪನ್ಯಾಸ ಮುಗಿಯುವ ಹೊತ್ತಿಗೆ ಪ್ರೌಢಶಾಲಾ ಶಿಕ್ಷಕರೊಬ್ಬರು ಇಬ್ಬರು ವಿದ್ಯಾರ್ಥಿಗಳೊಡನೆ ಏದುಸಿರು ಬಿಡುತ್ತ ಸಭಾಂಗಣಕ್ಕೆ ಬಂದರು. ಅವರು ಬೆಳಗಿನ ಜಾವದ ಬಸ್ಸಿಗೇ ಹೊರಟಿದ್ದರು. ಆದರೆ ಊರಿನ ಇನ್ನೊಂದು ತುದಿಯಲ್ಲಿದ್ದ ಹಳೆಯ ಕಟ್ಟಡದ ಮುಂದೆ ಒಂದು ಗಂಟೆ ಕಾದು ನಿಂತಿದ್ದರು. ಸ್ಥಳ ಬದಲಾದುದನ್ನು ಜಾಲತಾಣದಲ್ಲಿ ಪ್ರಕಟಿಸಿದ್ದೆವು, ನಿಜ. ಆದರೆ ಅದು ಆಹ್ವಾನ ಪತ್ರಿಕೆಯ ಚಿತ್ರದೊಳಗೆ, ಅತಿಥಿಗಳ ಭಾವಚಿತ್ರಗಳ ಕೆಳಗೆ, ಸಣ್ಣ ಅಕ್ಷರಗಳಲ್ಲಿತ್ತು. ಆ ಚಿತ್ರ ಅವರ ಮೊಬೈಲಿನಲ್ಲಿ ತೆರೆದುಕೊಂಡಿರಲಿಲ್ಲ. ಸಂಘಟನಾ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ.

ಕಾರ್ಯಕ್ರಮದ ಜಾಲತಾಣ ಸಂಘಟಕರ ಪ್ರದರ್ಶನ ಫಲಕವಲ್ಲ, ಬರುವವರ ಕೈಪಿಡಿ. ಇದನ್ನು ಮರೆತರೆ ತೊಂದರೆಗೊಳಗಾಗುವವರು ದೂರದಿಂದ ಬರುವವರೇ.

ವೆಬ್ ಹುಟ್ಟಿದ್ದು ಇಂಥದೇ ಅಗತ್ಯದಿಂದ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಬೇರೆ ಬೇರೆ ಗಣಕಗಳಲ್ಲಿ ಚದುರಿಹೋಗಿದ್ದ ಮಾಹಿತಿ ಎಲ್ಲರಿಗೂ ದೊರೆಯುವಂತಾಗಲೆಂದು ಟಿಮ್ ಬರ್ನರ್ಸ್-ಲೀ 1989ರಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ಅದೇ ವರ್ಲ್ಡ್ ವೈಡ್ ವೆಬ್ ಆಗಿ ಬೆಳೆಯಿತು. ಸಭೆ-ಸಮ್ಮೇಳನಗಳಿಗೆಂದೇ ರೂಪುಗೊಂಡ 'ಇಂಡಿಕೋ' ಎಂಬ ಮುಕ್ತ ತಂತ್ರಾಂಶವನ್ನೂ ಸರ್ನ್ ಬೆಳೆಸಿದೆ. ಅದರಲ್ಲಿ ವೇಳಾಪಟ್ಟಿಯೇ ಬೆನ್ನೆಲುಬು. ಪ್ರತಿ ಉಪನ್ಯಾಸದ ಸಾರಾಂಶ, ಸ್ಲೈಡುಗಳು ಆ ಉಪನ್ಯಾಸದ ಹೆಸರಿನಡಿಯಲ್ಲೇ ಸಿಗುತ್ತವೆ.

ಮೊದಲ ಪುಟದಲ್ಲಿ ಏನಿರಬೇಕು?

ಭಾಗವಹಿಸುವವರ ಮನಸ್ಸಿನಲ್ಲಿರುವುದು ನಾಲ್ಕೇ ಪ್ರಶ್ನೆ: ಏನು ಕಾರ್ಯಕ್ರಮ? ಯಾವಾಗ? ಎಲ್ಲಿ? ನಾನೇನು ಮಾಡಬೇಕು? ಉತ್ತರಗಳು ಪುಟದ ಮೇಲ್ಭಾಗದಲ್ಲೇ ಇರಲಿ. ಸಂದೇಶ, ಭಾವಚಿತ್ರಗಳಿಗೆ ಕೆಳಗೆ ಜಾಗವಿದೆ.

ದಿನಾಂಕವನ್ನು 03/04 ಎಂದು ಬರೆದರೆ ನಮಗೆ ಅದು ಏಪ್ರಿಲ್ 3. ಅಮೆರಿಕದವರಿಗೆ ಮಾರ್ಚ್ 4. ಆದ್ದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು, ಜೊತೆಗೆ ವಾರವನ್ನೂ ಕೊಡಬೇಕು. ದಿನಾಂಕ ತಪ್ಪಾಗಿ ಅಚ್ಚಾಗಿದ್ದರೆ ವಾರ ಅದನ್ನು ಸಾಮಾನ್ಯವಾಗಿ ಬಯಲು ಮಾಡುತ್ತದೆ. ಹೊರದೇಶದವರೂ ಸೇರುವ ಆನ್‌ಲೈನ್ ಉಪನ್ಯಾಸವಾದರೆ, ಭಾರತೀಯ ಕಾಲಮಾನ ಜಾಗತಿಕ ಪ್ರಮಾಣ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆಯೆಂದು ನಮೂದಿಸಬೇಕು.

ಚಿತ್ರವಲ್ಲ, ಪಠ್ಯ

ನಾವು ಮಾಡಿದ ದೊಡ್ಡ ತಪ್ಪು ಮಾಹಿತಿಯನ್ನು ಚಿತ್ರದೊಳಗೆ ಮಾತ್ರ ಇಟ್ಟದ್ದು. ಇದನ್ನು ಲೆಕ್ಕ ಹಾಕಿ ನೋಡೋಣ. ಆಹ್ವಾನ ಪತ್ರಿಕೆಯ ಚಿತ್ರ 3 ಮೆಗಾಬೈಟ್ ಇದೆ ಎಂದಿಟ್ಟುಕೊಳ್ಳಿ. 1 ಬೈಟ್ ಎಂದರೆ 8 ಬಿಟ್. ಆದ್ದರಿಂದ ಅದು 24 ಮೆಗಾಬಿಟ್. ಸಂಪರ್ಕ ದುರ್ಬಲವಾಗಿ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ಸಿಗುವಲ್ಲಿ ಚಿತ್ರ ಬರಲು 24 ಸೆಕೆಂಡು ಬೇಕು. ಅದೇ ಮಾಹಿತಿಯನ್ನು ಯೂನಿಕೋಡ್ ಪಠ್ಯವಾಗಿ ಕೊಟ್ಟರೆ? ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. 2,000 ಸಂಕೇತಗಳಿಗೆ 6 ಕಿಲೋಬೈಟ್ ಸಾಕು. ವಿನ್ಯಾಸದ ಸೂಚನೆಗಳೂ ಸೇರಿ ಪುಟ 50 ಕಿಲೋಬೈಟ್ ಆದರೂ ಅರ್ಧ ಸೆಕೆಂಡಿನೊಳಗೆ ಬರುತ್ತದೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಒಂದೇ ನಿಮಿಷದಲ್ಲಿ 500 ಮಂದಿ ಪುಟ ತೆರೆದರೆ ಚಿತ್ರಕ್ಕಾಗಿ ಸರ್ವರ್ ಸೆಕೆಂಡಿಗೆ 200 ಮೆಗಾಬಿಟ್ ಕಳುಹಿಸಬೇಕು. ಪಠ್ಯಕ್ಕಾದರೆ ಸುಮಾರು 3.3 ಮೆಗಾಬಿಟ್. ಎಲ್ಲರಿಗೂ ಮಾಹಿತಿ ಬೇಕಾದ ಹೊತ್ತಿನಲ್ಲೇ ಭಾರವಾದ ಪುಟ ಕೈಕೊಡುವುದು ಹೀಗೆ.

ಪಠ್ಯದಿಂದ ಇನ್ನೂ ಲಾಭಗಳಿವೆ. ಅಕ್ಷರಗಳನ್ನು ಹಿಗ್ಗಿಸಿ ಓದಬಹುದು, ಹುಡುಕಿದರೆ ಸಿಗುತ್ತದೆ, ದೃಷ್ಟಿಹೀನರು ಬಳಸುವ ತಂತ್ರಾಂಶ ಅದನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು.

ಬಣ್ಣದ ವಿಷಯದಲ್ಲೂ ಅಳತೆಯಿದೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಗಳ ಪ್ರಕಾಶ ವ್ಯತ್ಯಾಸದ ಅನುಪಾತ ಕನಿಷ್ಠ 4.5:1 ಇರಬೇಕೆನ್ನುತ್ತದೆ. ಬಿಳಿಯ ಮೇಲೆ ಕಪ್ಪಿಗೆ ಇದು 21:1. ಬಿಳಿಯ ಮೇಲೆ ಅಚ್ಚ ಹಳದಿಗೆ ಬರೀ 1.07:1!

ಬದಲಾವಣೆಯಾದಾಗ

ಸ್ಥಳ ಅಥವಾ ಸಮಯ ಬದಲಾದರೆ ಆ ಸುದ್ದಿ ಪುಟದ ನೆತ್ತಿಯ ಮೇಲಿರಬೇಕು. ಪ್ರಕಟಿಸಿದ ದಿನ, ವೇಳೆ ಜೊತೆಗಿರಬೇಕು. ಹಳೆಯ ವಿವರವನ್ನು ಎಲ್ಲ ಪುಟಗಳಿಂದಲೂ ತೆಗೆಯಬೇಕು. ನೋಂದಾಯಿಸಿಕೊಂಡವರೆಲ್ಲ ಜಾಲತಾಣವನ್ನು ಮತ್ತೆ ನೋಡುತ್ತಾರೆಂಬ ಭರವಸೆಯಿಲ್ಲ. ಅವರ ಮೊಬೈಲಿಗೆ ಸಂದೇಶ ಕಳುಹಿಸಲೇಬೇಕು.

ನಿಮ್ಮ ಶಾಲೆ, ಕಾಲೇಜಿನ ವಿಜ್ಞಾನ ಮೇಳಕ್ಕೆ ಜಾಲತಾಣ ಸಿದ್ಧವಾದಾಗ ಒಂದು ಸರಳ ಪ್ರಯೋಗ ಮಾಡಿ. ಸಮಿತಿಯಲ್ಲಿಲ್ಲದ ಒಬ್ಬರ ಕೈಗೆ ಸಾಧಾರಣ ಮೊಬೈಲ್ ಕೊಟ್ಟು, 'ಎಲ್ಲಿಗೆ, ಎಷ್ಟು ಗಂಟೆಗೆ ಬರಬೇಕು?' ಎಂದು ಕೇಳಿ. ಅರ್ಧ ನಿಮಿಷದಲ್ಲಿ ಉತ್ತರ ಬಾರದಿದ್ದರೆ ತಿದ್ದಬೇಕಾದುದು ಪುಟವನ್ನೇ, ಓದುವವರನ್ನಲ್ಲ. ಆ ಶಿಕ್ಷಕರ ಜೊತೆ ಬಂದಿದ್ದ ವಿದ್ಯಾರ್ಥಿಗಳಿಗೆ ತಪ್ಪಿಹೋದ ಉಪನ್ಯಾಸವನ್ನು ನಾವು ಮರಳಿ ಕೊಡಲಾಗಲಿಲ್ಲ.